ಇಲ್ಲದ ನಾದಿನಿಯ ಕಾಯಿಲೆ

ಮೂರನೆಯ ಹೆರಿಗೆಯಾದ ಮೇಲೆ ನನಗೆ ಸೀನಿದರೆ ಸೀರೆ ಒದ್ದೆ, ನಕ್ಕರೆ ಇನ್ನೂ ಒದ್ದೆ. ಸೀನನ್ನಾದರೂ ಮೂಗು ಹಿಡಿದು ತಡೆಯಬಹುದು. ನಗುವನ್ನು ತಡೆಯುವ ವಿದ್ಯೆ ನನಗೆ ಹುಟ್ಟಿನಿಂದಲೇ ಒಲಿದಿರಲಿಲ್ಲ. ಬೀದರಿನ ತವರಿನಲ್ಲಿ ನಾನು ಬಾಯಿ ಮುಚ್ಚಿ ಕೂತದ್ದನ್ನು ಕಂಡವರೇ ಇಲ್ಲ.

ಭಾಲ್ಕಿಯ ನನ್ನ ಅತ್ತೆಯ ಮನೆ ಶರಣರ ಮನೆ. ಬೆಳಿಗ್ಗೆ ಸ್ನಾನ ಮಾಡಿ, ಎಲ್ಲರೂ ಸಾಲಾಗಿ ಕೂತು, ಅಂಗೈಯಲ್ಲಿ ಲಿಂಗ ಹಿಡಿದು ಪೂಜೆ ಮಾಡಬೇಕು. ಅದಾಗದೆ ಬಾಯಿಗೆ ತುತ್ತಿಲ್ಲ. ನಾನು ಕೂತ ಕೂಡಲೇ ಲೋಬಾನದ ಹೊಗೆಗೆ ಕೆಮ್ಮು, ಕೆಮ್ಮಿದ ಕೂಡಲೇ ಸೀರೆ ಒದ್ದೆ. ಆ ಸೀರೆಯಲ್ಲಿ ಲಿಂಗ ಮುಟ್ಟುವುದು ಹೇಗೆಂದು ಎದ್ದು ಹೋಗಿ ಮತ್ತೆ ಸ್ನಾನ ಮಾಡುತ್ತಿದ್ದೆ. ಹಂಡೆ ಖಾಲಿಯಾದರೆ ಬಾವಿಯಿಂದ ನೀರು ತರುವವಳೂ ನಾನೇ. ಕೊಡ ಎತ್ತಿದಾಗ ಮತ್ತೊಂದು ಸಲ ಒದ್ದೆ. ನೀರು ಕುಡಿಯುವುದನ್ನೇ ಬಿಟ್ಟು ನೋಡಿದೆ. ನಾಲಗೆ ಒಣಗಿತು, ಸೀರೆ ಒಣಗಲಿಲ್ಲ.

ದಿನಕ್ಕೆ ಮೂರು ಸ್ನಾನ ನೋಡಿ ಅತ್ತೆಗೆ ಬೇರೆಯೇ ಅನುಮಾನ ಬಂತು.

"ಶರಣರ ಮನಿಯಾಗ ಈ ಮಡಿ ಎಲ್ಲಿಂದ ತಂದಿವಾ? ಮುಟ್ಟಾದಾಗೂ ಲಿಂಗ ಪೂಜಿ ಮಾಡೂ ಮಂದಿ ನಾವು. ನಿನಗ ಯಾವ ಮೈಲಿಗಿ ಅಂಟ್ಯಾದ?"

ಉಚ್ಚೆಯ ಮಾತನ್ನು ಅತ್ತೆಯ ಮುಂದೆ ಆಡುವ ಸೊಸೆ ಆಗಿನ್ನೂ ಹುಟ್ಟಿರಲಿಲ್ಲ. ಅವರ ಸಿಟ್ಟು ಏರಿತು. "ಬರೂ ಸೋಮವಾರದ ತನಕ ನೋಡ್ತೇನಿ. ಅವತ್ತೂ ಪೂಜಿ ನಡುವ ಎದ್ದರ ಮಕ್ಕಳನ್ನ ಇಲ್ಲೇ ಬಿಟ್ಟು ತವರಿಗಿ ನಡಿ. ನಿಮ್ಮಪ್ಪ ಕಲಿಸಿ ಕಳಿಸಲಿ" ಎಂದುಬಿಟ್ಟರು.

ಅದೇ ವಾರ ಹೈದರಾಬಾದಿನಿಂದ ಒಬ್ಬ ಡಾಕ್ಟರಬಾಯಿ ನಮ್ಮೂರಿಗೆ ಬಂದರು. ಕೆಮ್ಮಿದಾಗ, ಭಾರ ಎತ್ತಿದಾಗ ಮೂತ್ರ ತಡೆಯಲಾಗದ ಹೆಂಗಸರು ಎಷ್ಟು ಮಂದಿ, ಯಾವಾಗಿನಿಂದ, ಎಷ್ಟು ಹೆತ್ತವರು ಎಂದು ಊರೂರು ತಿರುಗಿ ಬರೆದುಕೊಳ್ಳುವುದು ಅವರ ಕೆಲಸ. ಅವರಿಗೆ ಕನ್ನಡ ಬಾರದು. ನಮ್ಮ ಪಡಸಾಲೆ ದೊಡ್ಡದೆಂದು ಅವರು ಅಲ್ಲೇ ಕೂತರು, ನನಗೆ ಬೀದರಿನ ದಖನಿ ಉರ್ದು ಬರುತ್ತಿತ್ತು. ಹೀಗಾಗಿ ಅವರು ಕೇಳಿದ್ದನ್ನು ಕನ್ನಡದಲ್ಲಿ ಹೇಳುವ ಕೆಲಸ ನನ್ನ ಕೊರಳಿಗೇ ಬಿತ್ತು. ಅತ್ತೆ ಕಂಬಕ್ಕೊರಗಿ ತೊಗರಿಬೇಳೆ ಹಸನು ಮಾಡುತ್ತ ಕೂತರು.

ಖಟಕ ಚಿಂಚೋಳಿಯಿಂದ ಒಂದೇ ಗಾಡಿಯಲ್ಲಿ ಮೂವರು ಬಂದಿದ್ದರು. ಮೊದಲನೆಯವಳನ್ನು ಕೇಳಿದೆ.

"ನನಗಲ್ಲರಿ, ನಮ್ಮ ನೆಗೆಣ್ಣಿಗಿ" ಎಂದು ಪಕ್ಕದಲ್ಲಿದ್ದ ಓರಗಿತ್ತಿಯನ್ನು ತೋರಿಸಿದಳು.

ಪಕ್ಕದವಳು, "ನನಗ್ಯಾಕ ಆಗ್ತದರಿ? ಇಕೀಗಿ" ಎಂದು ಮೂರನೆಯವಳ ಕಡೆ ಕೈ ಮಾಡಿದಳು. ಮೂರನೆಯವಳು ಅತ್ತ ಇತ್ತ ನೋಡಿದಳು, ಪಕ್ಕದಲ್ಲಿ ಯಾರೂ ಉಳಿದಿರಲಿಲ್ಲ. "ನಮ್ಮ ಅತ್ತಿಗಿರಿ. ಅಕಿ ಮನ್ಯಾಗ ಉಳದಾಳ" ಎಂದಳು.

ಆಮೇಲೆ ಬಂದವರದೂ ಇದೇ ಕಥೆ. ಇದ್ದವರೆಲ್ಲ ಗಟ್ಟಿಮುಟ್ಟು, ಕಾಯಿಲೆಯೆಲ್ಲ ಮನೆಯಲ್ಲಿ ಉಳಿದವರಿಗೆ. ಡಾಕ್ಟರಬಾಯಿ ಲೇಖನಿ ಕೆಳಗಿಟ್ಟು, ಹಾಗಾದರೆ ಇಲ್ಲಿಗೆ ಬಂದವರೇಕೆ ಬಂದರು ಎಂದು ನನ್ನನ್ನೇ ಕೇಳಿದರು. ನನಗೆ ನಗು ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದು ನಕ್ಕೆ. ನಕ್ಕ ಮೇಲೆ ಆಗಬಾರದ್ದು ಆಯಿತು. ನಾನು ಕಾಲು ಜೋಡಿಸಿ ನಿಂತ ರೀತಿಯನ್ನು ಆ ತಾಯಿ ನೋಡಿಬಿಟ್ಟರು. ಮೆಲ್ಲನೆ, ನಿನಗೂ ಇದೆಯೇನಮ್ಮ ಎಂದರು.

ಪಡಸಾಲೆಯ ತುಂಬ ಹೆಂಗಸರು. ನನಗೆ ಬೇರೆ ದಾರಿ ಹೊಳೆಯಲಿಲ್ಲ. ನನಗಲ್ಲ, ನಮ್ಮ ನಾದಿನಿಗೆ ಎಂದುಬಿಟ್ಟೆ.

ಅತ್ತೆಗೆ ದಖನಿ ಮಾತಾಡಲು ಬಾರದಿದ್ದರೂ ಸಂತೆಯ ವ್ಯವಹಾರದಲ್ಲಿ ಕಿವಿ ಪಳಗಿತ್ತು. ಮೊರ ಆಡಿಸುವುದು ನಿಂತಿತು.

"ನಾ ಹಡದದ್ದು ಒಂದೇ ಮಗ. ಇಕೀಗಿ ನಾದಿನಿ ಎಲ್ಲಿಂದ ಬಂದಳರಿ?"

ಯಾರೋ ಕಿಸಕ್ಕೆಂದರು. ಅತ್ತೆ ನಗಲಿಲ್ಲ. ನನ್ನ ಮುಖ ನೋಡಿದರು, ಸೀರೆ ನೋಡಿದರು.

"ಮೂರು ಮೂರು ಸಲ ಮೈ ತೊಳಕೊಳ್ಳೂದು ಇದಕ್ಕೇನು?"

ಹೌದೆಂದು ತಲೆಯಾಡಿಸಿದೆ. ಕಣ್ಣೀರು ತಾನಾಗಿ ಇಳಿಯಿತು. ನಾಚಿಕೆಯಿಂದ ಸತ್ತು ಹೋದರೆ ಸಾಕು ಅನ್ನಿಸಿತು. ಅತ್ತೆ ಮೊರ ಪಕ್ಕಕ್ಕಿಟ್ಟು ಎದ್ದು ಬಂದು ಡಾಕ್ಟರಬಾಯಿಯ ಎದುರು ಕೂತರು.

"ಮೊದಲ ನಂದು ಬರಕೊಳ್ರಿ. ಇಕಿ ಗಂಡ ಹುಟ್ಟಿದಾಗಿಂದ ಅದ. ಇಷ್ಟು ದಿನ ಯಾರೂ ಕೇಳಿಲ್ಲ, ನಾ ಹೇಳಿಲ್ಲ."

ನಾನು ಅದನ್ನು ದಖನಿಗೆ ತಿರುಗಿಸಿದೆ. ಅಷ್ಟರಲ್ಲಿ ಚಿಂಚೋಳಿಯ ಮೊದಲನೆಯವಳು, "ಹಂಗಾದರ ನಂದೂ ಬರಕೊಳ್ರಿ" ಎಂದಳು. ಸಂಜೆಯ ಹೊತ್ತಿಗೆ ಡಾಕ್ಟರಬಾಯಿಯ ವಹಿಯಲ್ಲಿ ಹಾಳೆ ಸಾಲಲಿಲ್ಲ. ನೀರು ಕುಡಿಯುವುದನ್ನು ಬಿಡಬೇಡಿ, ದೊಡ್ಡ ಕೊಡ ಎತ್ತಬೇಡಿ, ದಾರಿಯಲ್ಲಿ ಮೂತ್ರ ಬಂದಾಗ ತಡೆಹಿಡಿಯುವ ಹಾಗೆಯೇ ದಿನಾಲೂ ನಾಲ್ಕಾರು ಸಲ ಒಳಗೆ ಬಿಗಿಹಿಡಿದು ಆಮೇಲೆ ಸಡಿಲಿಸಿ ಎಂದು ಹೇಳಿಕೊಟ್ಟು ಹೋದರು. ಮರುದಿನವೇ ಅತ್ತೆ ಪೇಟೆಯಿಂದ ಸಣ್ಣ ಕೊಡ ತರಿಸಿದರು.

ಸೋಮವಾರ ಬಂತು. ಅತ್ತೆಯ ಪಕ್ಕದಲ್ಲೇ ಲಿಂಗ ಹಿಡಿದು ಕೂತೆ. ಹೊಗೆ ಎದ್ದಿತು, ಇಬ್ಬರಿಗೂ ಕೆಮ್ಮು ಬಂತು. ಅಭ್ಯಾಸಬಲದಿಂದ ನಾನು ಏಳಲು ಹೋದೆ. ಅತ್ತೆ ಕಣ್ಣು ತೆರೆಯದೆ ನನ್ನ ಸೆರಗು ಹಿಡಿದು ಜಗ್ಗಿದರು.

"ಕೂಡು. ನಾನೂ ತೊಯ್ದೇ ಕುಂತೀನಿ."