ನನ್ನ ಮೈದುನ ಕಲಿತ ಒಂದೇ ವಾಸನೆ

ನನ್ನ ಮೈದುನ ಹಾಲಿನ ಫಾರಂ ಬಿಟ್ಟು ಬಂದ ದಿನ ನಾನು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದೆ. ಅವನು ಕೂಗುವ ಮೊದಲೇ ಹಸುವಿನ ವಾಸನೆ ಬಂತು. ನಮ್ಮ ಬೀದಿಯಲ್ಲಿ ಹಸು ಸಾಕಿದವರು ಯಾರೂ ಇರಲಿಲ್ಲ. ತಿರುಗಿ ನೋಡಿದರೆ ಇವನು ನಿಂತಿದ್ದಾನೆ. ಹೆಗಲ ಮೇಲೆ ಅದೇ ಹಳೆಯ ಹಸಿರು ಚೀಲ, ಕಾಲಲ್ಲಿ ಮೊಣಕಾಲುದ್ದದ ರಬ್ಬರ್ ಬೂಟು.

"ಅತ್ತಿಗೆ, ನಾಲ್ಕು ದಿನ ಇರ್ಲಾ?"

"ಆ ಬೂಟು ಹೊರಗೆ ಬಿಡು. ಆಮೇಲೆ ಎಷ್ಟು ದಿನ ಬೇಕಾದ್ರೂ ಇರು."

ನಮ್ಮ ಮನೆಯವರು ತೀರಿಕೊಂಡು ಆಗ ಎರಡು ವರ್ಷವಾಗಿತ್ತು. ಅವರಿಗೆ ಇವನೊಬ್ಬನೇ ತಮ್ಮ. ಹದಿನೆಂಟಕ್ಕೆ ಮನೆ ಬಿಟ್ಟವನು, ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವನು. ಸೇಬು ಕೀಳುವ ಕಡೆ ಒಂದಷ್ಟು ದಿನ, ಕುರಿಯ ಉಣ್ಣೆ ಕತ್ತರಿಸುವ ಕಡೆ ಒಂದಷ್ಟು ದಿನ. ಕೆಲಸ ಮುಗಿಯುವ ಮೊದಲೇ ಚೀಲ ಹೆಗಲಿಗೇರುತ್ತಿತ್ತು. ನಮ್ಮತ್ತೆ ಅವನಿಗೆ ಗಂಟುಮೂಟೆ ಎಂದು ಹೆಸರಿಟ್ಟಿದ್ದರು. "ಬಂತು ನೋಡು ಗಂಟುಮೂಟೆ, ಇನ್ನೊಂದು ತಟ್ಟೆ ತೊಳಿ" ಎನ್ನುತ್ತಿದ್ದರು. ಹಾಲಿನ ಫಾರಂನಲ್ಲಿ ಮಾತ್ರ ಆರು ವರ್ಷ ನಿಂತಿದ್ದ. ಅಲ್ಲೇ ಬೇರು ಬಿಟ್ಟ ಎಂದು ನಾವೆಲ್ಲ ಅಂದುಕೊಂಡಿದ್ದೆವು.

ಯಾಕೆ ಬಿಟ್ಟೆ ಎಂದು ಕೇಳಿದರೆ ಒಬ್ಬೊಬ್ಬರಿಗೆ ಒಂದೊಂದು ಹೇಳಿದ. ಪಕ್ಕದ ಮನೆಯ ದರ್ಜಿಗೆ ಬೆನ್ನು ನೋವು ಎಂದ. ನನ್ನ ಅಕ್ಕನಿಗೆ ಯಜಮಾನನ ಬಾಯಿ ಸರಿಯಿಲ್ಲ ಎಂದ. ನನಗೆ ಮಾತ್ರ ಹೇಳಿದ್ದು ಬೇರೆ. ಅಲ್ಲಿಗೆ ತಾನೇ ಹಾಲು ಕರೆಯುವ ಯಂತ್ರ ಬಂದಿತ್ತಂತೆ. ಹಸುಗಳು ತಮಗೆ ಬೇಕಾದಾಗ ತಾವೇ ಹೋಗಿ ನಿಲ್ಲುತ್ತಿದ್ದವಂತೆ.

"ನಾನು ಒಳಗೆ ಹೋದ್ರೆ ಹಸುಗಳು ನನ್ನ ಮುಖ ನೋಡ್ತವೆ ಅತ್ತಿಗೆ. ನೀನ್ಯಾಕಪ್ಪ ಬಂದೆ ಅನ್ನೋ ಹಂಗೆ."

"ಹಸು ಹಂಗೆಲ್ಲ ನೋಡುತ್ತಾ?"

"ಗೊತ್ತಿಲ್ಲ. ನನಗೆ ಹಂಗೆ ಕಂಡ್ತು" ಎಂದು ತಲೆ ಕೆರೆದುಕೊಂಡ.

ನಮ್ಮ ಬೀದಿಯ ಕೊನೆಗೆ ವೈನ್ ಮಾಡುವ ಒಂದು ಹಳೆಯ ಕಾರ್ಖಾನೆ ಇತ್ತು. ಮೇಲೆ ದ್ರಾಕ್ಷಿ ಹಿಂಡುವ ಅಂಗಳ, ಕೆಳಗೆ ಇಪ್ಪತ್ತೆರಡು ಮೆಟ್ಟಿಲಿಳಿದರೆ ನೆಲಮಾಳಿಗೆ. ಅಲ್ಲಿ ಮರದ ಪೀಪಾಯಿಗಳು ಸಾಲುಸಾಲಾಗಿ ಮಲಗಿದ್ದವು. ರಸ ಸೋಸುವ ಬಟ್ಟೆಗಳನ್ನೂ ಕೆಲಸದವರ ಮೇಲಂಗಿಗಳನ್ನೂ ಮನೆಗೆ ತಂದು ಒಗೆದು ಕೊಡುವುದು ಹನ್ನೊಂದು ವರ್ಷದಿಂದ ನನ್ನ ಕೆಲಸವಾಗಿತ್ತು. ಆಗ ದ್ರಾಕ್ಷಿ ಕೊಯ್ಲಿನ ಕಾಲ, ಆಳು ಸಾಲದು. ಇವನನ್ನು ಕರೆದುಕೊಂಡು ಹೋಗಿ ಯಜಮಾನಿಯ ಮುಂದೆ ನಿಲ್ಲಿಸಿದೆ. ಆಕೆ ತೆಳ್ಳಗಿನ ಹೆಂಗಸು, ನನಗಿಂತ ಎರಡೋ ಮೂರೋ ವರ್ಷ ದೊಡ್ಡವರು. ಒಂದು ಲೋಟ ಮೂಸಿದರೆ ಅದು ಯಾವ ಇಳಿಜಾರಿನ ದ್ರಾಕ್ಷಿ ಎಂದು ಹೇಳಿಬಿಡುತ್ತಿದ್ದರು. ಕೆಲಸದವರು ಹಿಂದಿನಿಂದ ಮೂಗಮ್ಮ ಎನ್ನುತ್ತಿದ್ದರು.

ಮೂಗಮ್ಮ ಇವನನ್ನು ಮೇಲಿಂದ ಕೆಳಗೆ ನೋಡಿ, "ಹಾಲಿನ ವಾಸನೆ ಹೋಗೋವರೆಗೂ ಅಂಗಳದಲ್ಲೇ ಇರು. ಕೆಳಗಿಳೀಬೇಡ" ಎಂದರು. ಒಂದು ವಾರ ಅಂಗಳದಲ್ಲೇ ದುಡಿದ.

ಶನಿವಾರ ಮಧ್ಯಾಹ್ನ ಅಲ್ಲಿ ಎಲ್ಲರೂ ಉದ್ದ ಮೇಜಿನ ಸುತ್ತ ನಿಂತು ವೈನ್ ಮೂಸುವ ರೂಢಿ ಇತ್ತು. ಲೋಟ ಒರೆಸಲು ನಾನೂ ಬಟ್ಟೆ ಹಿಡಿದು ಪಕ್ಕದಲ್ಲಿರುತ್ತಿದ್ದೆ. ಪೀಪಾಯಿಗಳನ್ನು ನೋಡಿಕೊಳ್ಳುವ ಮೇಸ್ತ್ರಿ ಲೋಟ ತಿರುಗಿಸಿ, ಕಣ್ಣು ಮುಚ್ಚಿ, "ಹಳೇ ಚರ್ಮ, ಆಮೇಲೆ ಕರಿಮೆಣಸು" ಎಂದ. ಇನ್ನೊಬ್ಬ "ಬಿಸಿಲಿಗೆ ಕಾದ ಕಲ್ಲು" ಎಂದ. ಎಲ್ಲರೂ ಹೌದು ಹೌದು ಎಂದರು. ನನ್ನ ಮೈದುನನ ಸರದಿ ಬಂತು. ಲೋಟದೊಳಗೆ ಮೂಗು ಮುಳುಗುವ ಹಾಗೆ ಮೂಸಿದ.

"ದ್ರಾಕ್ಷಿ" ಎಂದ.

ಮೇಸ್ತ್ರಿ ಮೇಜು ಹಿಡಿದುಕೊಂಡು ನಕ್ಕ. "ಎಂಥದ್ದು ಕಂಡುಹಿಡಿದೆಯೋ ಹಾಲಿನವ್ನೇ! ನಾವು ಇಷ್ಟು ದಿನ ಕುಂಬಳಕಾಯಿ ಅಂದ್ಕೊಂಡಿದ್ವಿ."

ಅದಲ್ಲದೆ ಬಾಯಿಗೆ ಹಾಕಿಕೊಂಡದ್ದನ್ನು ಬಕೆಟ್ಟಿಗೆ ಉಗಿಯಬೇಕಿತ್ತು. ಇವನು ನುಂಗಿಬಿಟ್ಟಿದ್ದ. ಐದು ಲೋಟ ಮುಗಿಯುವ ಹೊತ್ತಿಗೆ ಕಿವಿ ಕೆಂಪಾಗಿತ್ತು. ದಾರಿಯಲ್ಲಿ ನನ್ನನ್ನು ಕೇಳಿದ: "ಉಗಿಯೋಕೆ ಅಂತ ಯಾರಾದ್ರೂ ಎರಡು ವರ್ಷ ಕಾದು ಮಾಡ್ತಾರಾ ಅತ್ತಿಗೆ? ಹಾಲನ್ನ ಹಿಂಗೆ ಉಗಿದ್ರೆ ನಮ್ಮ ಯಜಮಾನ ಕಪಾಳಕ್ಕೆ ಬಿಡ್ತಿದ್ದ. ಅದೂ ಅಲ್ದೆ ಇವ್ರು ನಿಜವಾಗ್ಲೂ ಕಲ್ಲು ಮೂಸಿದಾರಾ? ಎತ್ತು ಈಯ್ತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅನ್ನೋ ಜನ ಇದ್ದಂಗಿದೆ."

ನನಗೂ ಅದೇ ಅನುಮಾನ. ಆದರೆ ಅಲ್ಲಿ ಅನ್ನ ತಿನ್ನುವವಳು ನಾನು.

ಕೊಯ್ಲು ಮುಗಿದ ಮೇಲೂ ಅವನು ಚೀಲ ಕಟ್ಟಲಿಲ್ಲ. ಬದಲಿಗೆ ಚೀಲದಲ್ಲಿದ್ದದ್ದನ್ನೆಲ್ಲ ತೆಗೆದು ಗೂಡಿನಲ್ಲಿಟ್ಟ. ಎರಡು ಅಂಗಿ, ಒಂದು ಚಾಕು, ಅವರಣ್ಣನ ಹಳೆಯ ಫೋಟೋ. ಖಾಲಿ ಚೀಲವನ್ನು ನನ್ನ ಕೈಗೆ ಕೊಟ್ಟು "ಒಗೀತೀರಾ?" ಎಂದ. ಇಪ್ಪತ್ತಮೂರು ವರ್ಷದಲ್ಲಿ ಆ ಚೀಲ ಖಾಲಿಯಾದದ್ದನ್ನು ನಾನು ಮೊದಲ ಸಲ ಕಂಡದ್ದು. ಮೂಗಮ್ಮ ಅವನಿಗೆ ಹೇಳಿದ್ದರಂತೆ: ಮೇಸ್ತ್ರಿಗೆ ಮೊಣಕಾಲು ಬಿದ್ದುಹೋಗಿದೆ, ನೆಲಮಾಳಿಗೆಗೆ ಒಬ್ಬ ಖಾಯಂ ಆಳು ಬೇಕು, ಚಳಿ ಕಳೆದ ಮೇಲೆ ಪೀಪಾಯಿಗಳ ವೈನ್ ಪರೀಕ್ಷೆ ಮಾಡುವ ದಿನ ನಿನ್ನ ಮೂಗನ್ನೂ ಪರೀಕ್ಷೆ ಮಾಡ್ತೀನಿ, ಗೆದ್ದರೆ ಕೆಲಸ ನಿನ್ನದು, ಇಲ್ಲದಿದ್ದರೆ ನಿನ್ನ ದಾರಿ ನಿನಗೆ.

"ನಲವತ್ತೊಂದಾಯ್ತು ಅತ್ತಿಗೆ. ಇನ್ನು ತಿರುಗೋಕೆ ಆಗಲ್ಲ. ಇದೊಂದು ಸಿಕ್ಕಿಬಿಡ್ಲಿ" ಎಂದ. ಅವನ ಬಾಯಿಂದ ಅಂಥ ಮಾತು ಕೇಳಿ ನಾನು ಒಗೆಯುವುದನ್ನೇ ನಿಲ್ಲಿಸಿದೆ.

ಆ ಚಳಿಗಾಲವೆಲ್ಲ ನನ್ನ ಅಡಿಗೆಮನೆ ಪಾಠಶಾಲೆಯಾಯಿತು. ಅವನ ಕಣ್ಣಿಗೆ ಟವಲು ಕಟ್ಟಿ ಡಬ್ಬಿಗಳನ್ನು ಮೂಗಿನ ಕೆಳಗೆ ಹಿಡಿಯುತ್ತಿದ್ದೆ. ಲವಂಗ, ನಿಂಬೆಸಿಪ್ಪೆ, ಅವರಣ್ಣನ ಚಪ್ಪಲಿ. ಚಪ್ಪಲಿಯನ್ನು ಮೂಸಿ "ಏಲಕ್ಕಿ" ಎಂದ ದಿನ ನಾನು ಗೋಡೆ ಹಿಡಿದು ನಕ್ಕೆ, ಅವನು ನಗಲಿಲ್ಲ. ಡಬ್ಬಿಯಲ್ಲಿ ಗುರುತಿಸಿದ ಲವಂಗ ಲೋಟದಲ್ಲಿ ಸಿಗುತ್ತಿರಲಿಲ್ಲ. ಲೋಟದಲ್ಲಿ ಅವನಿಗೆ ಎಂದೂ ದ್ರಾಕ್ಷಿಯೇ.

ಮೂಗು ಕೈಕೊಟ್ಟರೂ ರಟ್ಟೆ ಇದೆಯಲ್ಲ ಎಂದುಕೊಂಡನೋ ಏನೋ, ಭಾನುವಾರ ಕಾರ್ಖಾನೆಗೆ ರಜೆಯಿದ್ದಾಗ ಮೇಸ್ತ್ರಿಯಿಂದ ಬೀಗದ ಕೈ ಕೇಳಿ ಪಡೆದು ನೆಲಮಾಳಿಗೆ ತೊಳೆಯತೊಡಗಿದ. ಹಾಲಿನ ಫಾರಂನಲ್ಲಿ ಆರು ವರ್ಷ ದಿನಕ್ಕೆರಡು ಸಲ ತೊಳೆದ ಕೈ. ನೆಲ ವಾಸನೆ ಹೊಡೆದರೆ ಹಾಲು ಕೆಟ್ಟಿತೆಂದೇ ಲೆಕ್ಕ, ಅಲ್ಲಿ ಬಿಸಿನೀರು ಮತ್ತು ಬ್ಲೀಚಿಂಗ್ ಪೌಡರ್ ಇಲ್ಲದೆ ದಿನ ಮುಗಿಯುತ್ತಿರಲಿಲ್ಲ. "ಹಿಂದಿನ ಸಾಲಿನ ಮೂಲೆ ಬೂಷ್ಟು ಹಿಡಿದಿದೆ ಅತ್ತಿಗೆ. ಅವ್ರು ಯಾರೂ ನೋಡಲ್ಲ" ಎಂದ. ನನ್ನ ಒಗೆಯುವ ಕಲ್ಲಿನ ಪಕ್ಕ ಮನೆಬಟ್ಟೆಗೆಂದು ಇಟ್ಟ ಪೌಡರಿನ ಡಬ್ಬ ಇತ್ತು. ನಾನೇ ಎತ್ತಿ ಕೊಟ್ಟೆ. ಸೋಮವಾರದ ಹೊತ್ತಿಗೆ ಪೌಡರಿನ ವಾಸನೆ ಆರಿರುತ್ತಿತ್ತು. ಮೇಸ್ತ್ರಿ ನೆಲ ನೋಡಿ "ಹಾಲಿನವ್ನು ನೆಲದಲ್ಲಿ ಮುಖ ಕಾಣೋ ಹಂಗೆ ತೊಳೆದಿದಾನೆ" ಎಂದನಂತೆ. ಇವನು ಉಬ್ಬಿಹೋಗಿದ್ದ.

ಪರೀಕ್ಷೆಯ ದಿನ ಮೇಜಿನ ಮೇಲೆ ಏಳು ಪೀಪಾಯಿಗಳಿಂದ ತೆಗೆದ ಏಳು ಲೋಟ. ಮೊದಲ ನಾಲ್ಕಕ್ಕೆ ಇವನು ದ್ರಾಕ್ಷಿ ಎನ್ನಲು ನಾಚಿ ಏನೇನೋ ಒದರಿದ. ಎಲ್ಲ ತಪ್ಪು. ಐದನೆಯದನ್ನು ಮೂಸಿ ಹಿಂದಕ್ಕೆ ಸರಿದ. ಮತ್ತೆ ಮೂಸಿದ.

"ಒದ್ದೆ ಗೋಣಿಚೀಲ" ಎಂದ. "ಮೂಲೇಲಿ ಮರೆತುಬಿಟ್ಟು ಮುಗ್ಗಿದ ಗೋಣಿಚೀಲ."

ಮೇಸ್ತ್ರಿ ನಗಲು ಬಾಯಿ ತೆರೆದ. ಮೂಗಮ್ಮ ಕೈಯೆತ್ತಿ ತಡೆದರು. ಅವರೇ ಲೋಟ ತೆಗೆದುಕೊಂಡು ಬಹಳ ಹೊತ್ತು ಮೂಸಿದರು. "ಇದರಲ್ಲಿ ಏನೋ ಸತ್ತಂಗಿದೆ ಅಂತ ಬೆಳಗ್ಗೆಯಿಂದ ಅನ್ನಿಸ್ತಿತ್ತು. ನನಗೇ ಹಿಡಿಯೋಕೆ ಆಗ್ಲಿಲ್ಲ. ನೀನು ಹಿಡಿದೆ. ಕೆಲಸ ನಿನ್ನದು" ಎಂದರು.

ಇವನ ಮುಖ ದೀಪ ಹಚ್ಚಿದ ಹಾಗಾಯಿತು. ಆ ದೀಪ ಅರೆಗಳಿಗೆಯೂ ಉರಿಯಲಿಲ್ಲ. ಮೂಗಮ್ಮ ಮೇಸ್ತ್ರಿಯ ಕಡೆ ತಿರುಗಿದರು.

"ಹಿಂದಿನ ಸಾಲಿಗೆ ಬ್ಲೀಚಿಂಗ್ ಪೌಡರ್ ಯಾರು ತಂದ್ರು? ಹಸಿ ಮರ, ಬೂಷ್ಟು, ಮೇಲೆ ಆ ಪೌಡರ್ ಬಿದ್ರೆ ಹುಟ್ಟೋ ವಾಸನೆ ಇದು. ಗಾಳಿಯಲ್ಲೇ ಪೀಪಾಯಿಗೆ ಇಳಿಯುತ್ತೆ. ನಮ್ಮಪ್ಪನ ಕಾಲದಿಂದ ಅದು ಈ ಮೆಟ್ಟಿಲು ಇಳಿದಿಲ್ಲ. ಬೀಗದ ಕೈ ನಿನ್ನ ಹತ್ರ ಇರೋದು."

"ನನ್ನಾಣೆ ಅಮ್ಮಾ, ನಂಗೊತ್ತಿಲ್ಲ" ಎಂದ ಮೇಸ್ತ್ರಿ. ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ, ಇವನು ಬರೀ ನೀರಲ್ಲಿ ತೊಳೆಯುತ್ತಾನೆ ಎಂದೇ ತಿಳಿದಿದ್ದ.

ಹನ್ನೊಂದು ವರ್ಷದ ಹಿಂದೆ ಮೊದಲ ದಿನವೇ ಈ ಬಟ್ಟೆಗಳಿಗೆ ಸೋಡಾ ಮಾತ್ರ ಹಾಕು, ಪೌಡರ್ ಮುಟ್ಟಿಸಬೇಡ ಎಂದು ಮೂಗಮ್ಮ ನನಗೆ ಹೇಳಿದ್ದರು. ಬಟ್ಟೆ ಬೇಗ ಹರಿಯುತ್ತದೆ ಅಂತ ಹೇಳಿರಬೇಕು ಎಂದುಕೊಂಡು ಸುಮ್ಮನಾಗಿದ್ದೆ. ಯಾಕೆ ಎಂದು ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ. ಅಲ್ಲಿ ಹುಟ್ಟಿ ಬೆಳೆದವರಿಗೆ ಅದು ಬೆಂಕಿ ಸುಡುತ್ತದೆ ಎನ್ನುವಷ್ಟು ಗೊತ್ತಿದ್ದ ಮಾತು. ಹೊಸಬನಿಗೆ ಹೇಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

ಮನೆಗೆ ಬಂದವನೇ ಗೂಟಕ್ಕೆ ನೇತುಹಾಕಿದ್ದ ಚೀಲ ಎಳೆದುಕೊಂಡ.

"ಬಾಯಿಗೆ ಬೀಗ ಹಾಕ್ಕೊಂಡಿರು" ಎಂದೆ. ಈಗ ಬರೆಯಲು ನಾಚಿಕೆಯಾಗುತ್ತದೆ, ಆದರೆ ಅಂದದ್ದು ನಿಜ. "ಪೌಡರ್ ಕೊಟ್ಟೋಳು ನಾನು. ನನ್ನ ಕೆಲಸಾನೂ ಹೋಗುತ್ತೆ."

"ಮೇಸ್ತ್ರಿ?"

"ಮೇಸ್ತ್ರಿಗೆ ಹೆಂಗಿದ್ರೂ ಮೊಣಕಾಲಿಲ್ಲ."

ಅವನು ನನ್ನ ಮುಖ ನೋಡಿದ. ಆ ಹಸುಗಳು ಅವನನ್ನು ನೋಡಿದ್ದು ಹೀಗೆಯೇ ಇರಬೇಕು ಅನ್ನಿಸಿತು. "ನಾನು ತೊಳೆದಿದ್ದು ಒಳ್ಳೇದಕ್ಕೇ ಅಲ್ವಾ ಅತ್ತಿಗೆ? ಹಾಲಾಗಿದ್ರೆ ಒಳ್ಳೇದಾಗ್ತಿತ್ತು ಅಲ್ವಾ? ನನಗೆ ತಿಳಿದ ವಾಸನೆ ಅದೊಂದೇ, ಅದನ್ನೂ ನಾನೇ ಮಾಡಿಟ್ಟಿದ್ದೆ. ಅದಕ್ಕೇ ಕೆಲಸ ಕೊಟ್ರು. ಇದೇನು ಲೆಕ್ಕ?" ಎಂದ.

ಬೆಳಗ್ಗೆ ಚೀಲ ಹೆಗಲಿಗೇರಿಸಿ ಹೊರಟ. ನಾನೂ ಸೆರಗು ಸಿಕ್ಕಿಸಿಕೊಂಡು ಹಿಂದೆ ಹೋದೆ. ಮೇಸ್ತ್ರಿಯ ಎದುರಿಗೇ ಎಲ್ಲ ಒಪ್ಪಿಕೊಂಡ, ಪೌಡರಿನ ಡಬ್ಬ ತನ್ನದೆಂದ. ನಾನು "ಅಲ್ಲ, ನಂದು" ಎಂದೆ. ಮೂಗಮ್ಮ ಇಬ್ಬರನ್ನೂ ನೋಡಿದರು. ಬೈಯುತ್ತಾರೆಂದು ಕಾದೆವು. ಮೇಸ್ತ್ರಿಯೇ ಮೊದಲು ಬಾಯಿಬಿಟ್ಟ.

"ನಿನ್ನ ಹಾಲು ಒಡೆದು ಹೋಗ! ಮೊದ್ಲೇ ಒಂದು ಮಾತು ಕೇಳಬಾರ್ದಿತ್ತಾ?"

"ಏನಂತ ಕೇಳೋದು ಮೇಸ್ತ್ರಿ? ನೆಲ ತೊಳೀಬಹುದಾ ಅಂತಾನಾ?"

ಮೂಗಮ್ಮ ಎದ್ದು, "ಚೀಲ ಇಲ್ಲೇ ಇಡು. ಆ ಸಾಲಿನ ಪ್ರತಿಯೊಂದು ಪೀಪಾಯಿಯನ್ನೂ ಮೂಸಿ, ಯಾವುದು ಹೋಗಿದೆ ಯಾವುದು ಉಳಿದಿದೆ ತೋರಿಸು. ನನ್ನ ಮೂಗಿಗೆ ಅದು ಸರಿಯಾಗಿ ಹತ್ತಲ್ಲ" ಎಂದರು.

ಮೂರು ದಿನ ಮೂಸಿದ. ಒಂಬತ್ತು ಪೀಪಾಯಿಗೆ ಸೀಮೆಸುಣ್ಣದ ಗೀಟು ಬಿತ್ತು. ಒಂಬತ್ತರ ಬೂಚನ್ನೂ ಅವನೇ ಕಿತ್ತು ಚರಂಡಿಗೆ ಹರಿಸಿದ. ಅಂಗಳದ ಕಾಲುವೆ ಕೆಂಪಾಗಿ ಹರಿಯುವಾಗ ಮೇಸ್ತ್ರಿ ತಲೆ ತಿರುಗಿಸಿ ನಿಂತಿದ್ದ. ಮುಗಿದ ಮೇಲೆ ಇವನು ಮೂಗಮ್ಮನ ಮುಂದೆ ಹೋಗಿ, "ನಾನಿನ್ನು ಹೊರಡ್ಲಾ ಅಮ್ಮಾ?" ಎಂದ.

"ನಾಳೆ ಬಾ, ಹೇಳ್ತೀನಿ" ಎಂದರು.

ಮಾರನೆಯ ದಿನ ಹೋದ. ಕೊಳಾಯಿ ಸೋರುತ್ತಿದೆ ನೋಡು ಎಂದರು. ಸಂಜೆ ಕೇಳಿದರೆ ಮತ್ತೆ ನಾಳೆ ಬಾ. ಹಾಗೆ ಬಾ ಬಾ ಎನ್ನುತ್ತ ಇಪ್ಪತ್ತಾರು ವರ್ಷ ಕಳೆದಿದೆ. ಮೇಸ್ತ್ರಿ ಕೆಲಸ ಬಿಟ್ಟ, ತೀರಿಕೊಂಡ. ನನ್ನ ಕೈಗೆ ಈಗ ಒಗೆಯಲು ಬಲವಿಲ್ಲ. ಇವನು ದಿನಾ ಬೆಳಗ್ಗೆ ಹೋಗುತ್ತಾನೆ. ಬೇರೆ ಕಾರ್ಖಾನೆಯವರೂ ಬಂದು ಗೋಣಿಚೀಲದ ವಾಸನೆ ಇದೆಯೇ ನೋಡಿಕೊಡು ಎಂದು ಕರೆದೊಯ್ಯುತ್ತಾರೆ. ಒಳ್ಳೆಯ ವೈನ್ ಕೊಟ್ಟು ಏನಿದೆ ಎಂದರೆ ಇವತ್ತಿಗೂ ದ್ರಾಕ್ಷಿ ಎನ್ನುತ್ತಾನೆ.

ಹಸಿರು ಚೀಲ ಅವನ ಕೋಣೆಯ ಮೊಳೆಗೆ ನೇತಾಡುತ್ತಿದೆ. ಅದರೊಳಗೆ ಎರಡು ಅಂಗಿ ಮಡಿಸಿ ಇಟ್ಟಿದ್ದಾನೆ. ವರ್ಷಕ್ಕೊಮ್ಮೆ ತೆಗೆದು ಒಗೆದು ಮತ್ತೆ ಅದರೊಳಗೇ ಇಡುತ್ತಾನೆ. ಮೊನ್ನೆ ಕೇಳಿದೆ.

"ಅಲ್ಲಪ್ಪ, ನಿನಗೆ ಅಲ್ಲಿ ಕೆಲಸ ಸಿಕ್ಕಿದೆಯಾ ಇಲ್ವಾ?"

"ಗೊತ್ತಿಲ್ಲ ಅತ್ತಿಗೆ" ಎಂದ. "ನಾಳೆ ಹೇಳ್ತಾರಂತೆ."