ಹೆಸರುಗಳು ಮುಗಿಯುವವರೆಗೆ

ಆ ಚಿತ್ರಮಂದಿರದಲ್ಲಿ ಅವಳನ್ನು ಎಲ್ಲರೂ ಟಾರ್ಚ್ ಅಕ್ಕ ಎಂದೇ ಕರೆಯುತ್ತಿದ್ದರು. ದೀಪ ಆರಿದ ಮೇಲೆ ತಡವಾಗಿ ಬಂದವರ ಟಿಕೆಟ್ಟಿಗೆ ಬೆಳಕು ಬಿಟ್ಟು, ಸಾಲು ತೋರಿಸಿ, ಯಾರೂ ಎಡವದಂತೆ ಕೂರಿಸುವುದು ಅವಳ ಕೆಲಸ. ತೆರೆಯ ಮೇಲೆ ಹೆಸರುಗಳು ಬರುವಷ್ಟು ಹೊತ್ತು ಮಾತ್ರ ಅವಳು ಒಳಗೆ. ಕೊನೆಯಲ್ಲಿ ನಿರ್ದೇಶಕರ ಹೆಸರು ಒಂಟಿಯಾಗಿ ಬಂದು ನಿಂತಿತೆಂದರೆ, ಬಾಗಿಲಿನ ದಪ್ಪ ಪರದೆ ಎಳೆದು ಹೊರಗೆ ಹೋಗಬೇಕು. ಹಜಾರ ಗುಡಿಸಬೇಕು, ಕ್ಯಾಂಟೀನಿನಲ್ಲಿ ಲೋಟ ತೊಳೆಯಲು ಕೈಹಾಕಬೇಕು. ಅದು ಮ್ಯಾನೇಜರರ ಕಟ್ಟಪ್ಪಣೆ. ಹೀಗಾಗಿ ಅವಳು ಕಂಡ ಸಿನಿಮಾಗಳಿಗೆ ಲೆಕ್ಕವಿಲ್ಲ, ಪೂರ್ತಿ ನೋಡಿದ್ದು ಒಂದೂ ಇಲ್ಲ.

ಅದರ ಬಗ್ಗೆ ಅವಳಿಗೆ ಬೇಸರವಿರಲಿಲ್ಲ. ಹೆಸರುಗಳು ಬರುವ ಆ ಹೊತ್ತೇ ಅವಳಿಗೆ ಇಷ್ಟ. ಯಾರೂ ಇನ್ನೂ ಸುಳ್ಳು ಹೇಳಿರುವುದಿಲ್ಲ, ಯಾರೂ ಯಾರನ್ನೂ ಬಿಟ್ಟುಹೋಗಿರುವುದಿಲ್ಲ. ಮಂಜಿನೊಳಗಿಂದ ಒಂದು ರೈಲು ಸದ್ದಿಲ್ಲದೆ ಬರುತ್ತದೆ, ಅದರ ಕಿಟಕಿಗಳ ಮೇಲೆ ಹೆಸರುಗಳು ತೇಲಿ ಹೋಗುತ್ತವೆ. ತಲೆಯ ಮೇಲಿನ ಬೆಳಕಿನ ಕೋಲಿನಲ್ಲಿ ಧೂಳಿನ ಕಣಗಳು ಸುಮ್ಮನೆ ಈಜಾಡುತ್ತವೆ. ಟಾರ್ಚ್ ಆರಿಸಿ ಗೋಡೆಗೊರಗಿ ನಿಂತರೆ ಅವಳಿಗೆ ತಾನೂ ಅವುಗಳಲ್ಲಿ ಒಂದೆನ್ನಿಸುತ್ತಿತ್ತು.

ಮನೆಯಲ್ಲಿ ಇದ್ದವರು ಇಬ್ಬರೇ, ಅವಳು ಮತ್ತು ಅತ್ತೆ. ಗಂಡ ಲಾರಿ ಡ್ರೈವರ್, ಹೋದನೆಂದರೆ ವಾರಗಟ್ಟಲೆ ಪತ್ತೆ ಇಲ್ಲ. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆಗಳು ಅವರ ಮನೆ. ಕಾಲವೆಲ್ಲ ಹೊಲಿಗೆ ಮಿಷನ್ ತುಳಿದು ಮಗನನ್ನು ಸಾಕಿದ ಅತ್ತೆ, ಮೆಟ್ಟಿಲಲ್ಲಿ ಜಾರಿ ಸೊಂಟ ಮುರಿದುಕೊಂಡ ಮೇಲೆ ಕಿಟಕಿ ಬಳಿಯ ಕುರ್ಚಿಗೇ ಅಂಟಿಕೊಂಡಿದ್ದರು. ಮಗ ತಾನೇ ಮೆಚ್ಚಿ ಕಟ್ಟಿಕೊಂಡು ಬಂದ ಸೊಸೆಯ ಜೊತೆ ಅವರದು ಅಳೆದು ತೂಗಿದ ಮಾತು. “ಮಾತ್ರೆ ತಗೊಂಡ್ರಾ?” “ಹೂಂ.” ಅಷ್ಟೇ.

ಒಂದು ಸಂಜೆ, ಬೇಸರ ತಡೆಯಲಾರದೆ ಇರಬೇಕು, ಅತ್ತೆಯೇ ಕೇಳಿದರು. “ಇವತ್ತೇನಿತ್ತು ನಿಮ್ಮ ಥಿಯೇಟರಲ್ಲಿ?”

ಸೊಸೆ ಚಪ್ಪಲಿ ಬಿಚ್ಚುತ್ತಲೇ ಹೇಳಿದಳು. “ಒಬ್ಬ ಹುಡುಗ ಬ್ರೆಡ್ ಕದ್ದು ಓಡ್ತಾನೆ ಅತ್ತೆ. ಬರೀ ಪಾದ ತೋರಿಸ್ತಾರೆ. ಪುಟ್ಟ ಪಾದ. ಒಂದು ಹಳ್ಳ ಹಾರ್ತಾನೆ, ಆ ಕಡೆ ಇಳಿಯೋವಾಗ ದೊಡ್ಡ ಪಾದ! ಆಳು ಬೆಳೆದು ನಿಂತಿರ್ತಾನೆ.”

“ಒಂದೇ ನೆಗೆತಕ್ಕಾ?”

“ಒಂದೇ ನೆಗೆತಕ್ಕೆ.”

“ಪುಣ್ಯ ಮಾಡಿದ್ಲು ಅವರಮ್ಮ. ನನಗೆ ಒಬ್ಬನ್ನ ಬೆಳೆಸೋದ್ರಲ್ಲಿ ಕಣ್ಣು ಮಂಜಾಯ್ತು. ಆಮೇಲೆ?”

“ಆಮೇಲಿಂದು ನಂಗೊತ್ತಿಲ್ಲ. ಲೋಟ ತೊಳೀತಿದ್ದೆ.”

“ಬಾಯಿಗೆ ತುತ್ತು ಕೊಟ್ಟು ಕೈ ಹಿಡಿದ ಹಾಗಾಯ್ತಲ್ಲೇ!” ಎಂದು ಅತ್ತೆ ಸಿಡುಕಿದರು. ಆದರೆ ಸೊಸೆ ಒಲೆ ಹಚ್ಚುವ ಹೊತ್ತಿಗೆ ಕಿಟಕಿಯ ಕಡೆಯಿಂದ ದನಿ ಬಂತು. “ಅವನು ಕದ್ದಿದ್ದು ತನಗಲ್ಲ ಕಣೇ. ಮನೇಲಿ ತಂಗಿ ಇದ್ದಾಳೆ. ಅವಳಿಗೆ ಜ್ವರ.”

ಅಂದಿನಿಂದ ಅದೇ ರೂಢಿಯಾಯಿತು. ಸೊಸೆ ಶುರುವನ್ನು ತರುವುದು, ಅತ್ತೆ ಮುಂದಿನದನ್ನು ಕಟ್ಟುವುದು. ಬರಬರುತ್ತ ಅತ್ತೆಗೆ ಸಿನಿಮಾದವರ ವರಸೆಗಳೆಲ್ಲ ಕರತಲಾಮಲಕವಾದವು. ಅಲಾರಾಂ ಹೊಡೆದು, ಹೊದಿಕೆಯೊಳಗಿಂದ ಬರೀ ಒಂದು ಕೈ ಬಂದು ಅದರ ಬಾಯಿ ಮುಚ್ಚಿದರೆ ಅವನು ಸೋಮಾರಿ, ಆದರೆ ಚಿನ್ನದಂಥವನು. ಮನೆಮಂದಿಯೆಲ್ಲ ಸಾಲಾಗಿ ನಿಂತು ನಗುನಗುತ್ತ ಫೋಟೋ ತೆಗೆಸಿಕೊಂಡರೆ ಆ ನಗು ಹೆಚ್ಚು ದಿನ ಬಾಳುವುದಿಲ್ಲ. ಆಕಾಶದಿಂದ ಇಡೀ ಊರು ತೋರಿಸುತ್ತ ಬಂದು ಒಂದೇ ಕಿಟಕಿಗೆ ಇಳಿದರೆ, ಆ ಕಿಟಕಿಯವರಿಗೆ ಗ್ರಹಚಾರ ಕಾದಿದೆ. “ಹೆಸರು ಒಂದೊಂದಾಗಿ ಬಂದ್ರೆ ದೊಡ್ಡವರು, ಗುಂಪಾಗಿ ಬಂದ್ರೆ ನಮ್ಮಂಥೋರು. ಅಲ್ವೇನೇ?” ಎಂದು ನಗುತ್ತಿದ್ದರು. ಈರುಳ್ಳಿ ಹೆಚ್ಚುತ್ತ, ಬಟ್ಟೆ ಮಡಚುತ್ತ ಸೊಸೆ ಕೇಳುತ್ತಿದ್ದಳು. ಹಗಲು ಮಾಸುವ ಹೊತ್ತಿನಲ್ಲಿ ಎದುರು ಗೋಡೆಯ ಮೇಲೆ ರೈಲುಗಳು, ದೋಣಿಗಳು, ಓಡುವ ಪಾದಗಳು ಮೆಲ್ಲಗೆ ಸರಿದಂತಾಗುತ್ತಿತ್ತು.

ಹೀಗಿರುವಾಗ ಹೊಸದೊಂದು ಸಿನಿಮಾ ಬಂತು. ದೀಪ ಆರಿತು, ತೆರೆಯ ಮೇಲೆ ಯಾರೋ ನೇರವಾಗಿ ಮಾತಿಗೇ ತೊಡಗಿದರು. ಹೆಸರೇ ಇಲ್ಲ. ಈಗ ಬರುತ್ತದೆ, ಈಗ ಬರುತ್ತದೆ ಎಂದು ಟಾರ್ಚ್ ಅಕ್ಕ ಗೋಡೆಗೊರಗಿ ಕಾದಳು. ಕಾಣೆಯಾದ ತಮ್ಮನನ್ನು ಹುಡುಕಿ ಹೊರಟ ಅಕ್ಕನೊಬ್ಬಳು ಊರೂರು ಅಲೆದಳು, ಅತ್ತಳು, ಕೊನೆಗೆ ಬರಿಗೈಯಲ್ಲಿ ಹಿಂದಿರುಗಿದಳು. ಆಗ ಬಂದವು ಹೆಸರುಗಳು, ಜನ ಎದ್ದು ಹೋಗುತ್ತಿರುವಾಗ.

ಬಾಗಿಲಲ್ಲಿ ಮ್ಯಾನೇಜರ್ ನಿಂತಿದ್ದರು. “ಏನಮ್ಮಾ, ಟಿಕೆಟ್ ಏನಾದ್ರೂ ತಗೊಂಡಿದ್ಯಾ?”

“ಹೆಸರು ಬರ್ಲಿ ಅಂತ ಕಾಯ್ತಿದ್ದೆ ಸಾರ್.”

ಬೈಯಲು ಬಂದಿದ್ದ ಅವರಿಗೆ ನಗು ಬಂದುಬಿಟ್ಟಿತು. “ಈಗಿನವರು ಹೆಸರನ್ನ ಬಾಲಕ್ಕೆ ಕಟ್ತಾರಮ್ಮ.”

ಅವಳು ಕಾಲು ನೆಲಕ್ಕೆ ತಾಗದವಳಂತೆ ಮನೆಗೆ ಬಂದಳು. ಮೊದಲ ಸಲ ಒಂದು ಕಥೆ ಇಡಿಯಾಗಿ ಕೈಲಿತ್ತು. ಒಂದೇ ಉಸಿರಿಗೆ ಹೇಳಿದಳು. ಅತ್ತೆ ಮಾತ್ರ ಹೂಂಗುಡಲಿಲ್ಲ. “ಎಲ್ಲಾ ನೀನೇ ಹೇಳಿ ಮುಗಿಸಿದ್ಮೇಲೆ ನನಗೇನು ಉಳೀತು?” ಎಂದು ಮುಖ ತಿರುಗಿಸಿದರು.

ಮನೆಗೆ ಹಳೆಯ ಮೌನ ವಾಪಸು ಬಂತು. ಮತ್ತೆ ಮಾತ್ರೆ, ಮತ್ತೆ ಹೂಂ. ತನಗೆ ಇಷ್ಟು ನೋಯುತ್ತದೆಂದು ಸೊಸೆ ಎಣಿಸಿರಲಿಲ್ಲ. ಕೆಲದಿನ ತಾಳಿಕೊಂಡಳು. ಹೆಸರು ಮೊದಲೇ ಬರುವ ಹಳೆಯ ಸಿನಿಮಾವೊಂದು ಮತ್ತೆ ಬಂದಾಗ ಒಂದು ಮಧ್ಯಾಹ್ನ ರಜೆ ಕೇಳಿ, ಕೆಳಗಿನ ಸೈಕಲ್ ಅಂಗಡಿಯವನನ್ನೂ ಆಟೋದವನನ್ನೂ ಕರೆದು, ಕುರ್ಚಿ ಸಮೇತ ಅತ್ತೆಯನ್ನು ಇಳಿಸಿದಳು.

“ನನ್ನನ್ನೇನು ಮಾರೋಕೆ ಒಯ್ತಿದ್ಯೇನೇ?”

“ಕೊಳ್ಳೋರು ಸಿಗಬೇಕಲ್ಲ ಅತ್ತೆ!”

ಅತ್ತೆಯ ತುಟಿಯಂಚು ಅಲುಗಿತು.

ಅಂಚಿನ ಸೀಟಿನಲ್ಲಿ ಅತ್ತೆ, ಪಕ್ಕದಲ್ಲಿ ಅವಳು. ದೀಪ ಆರಿತು. ತೆರೆ ತುಂಬ ನೀಲಿ ನೀರು, ನಡುವೆ ಒಂದು ದೋಣಿ. ಅಲೆಯೊಂದು ಎದ್ದಾಗ ಒಂದು ಹೆಸರು, ಬಿದ್ದಾಗ ಮತ್ತೊಂದು. ದೋಣಿಯವನ ಮುಖ ಕಾಣದು, ಬೆನ್ನು ಮಾತ್ರ. ಅತ್ತೆಯ ಕೈ ಕತ್ತಲಲ್ಲಿ ತಡವಿ ಅವಳ ಕೈ ಹಿಡಿಯಿತು. ನಿರ್ದೇಶಕರ ಹೆಸರು ಒಂಟಿಯಾಗಿ ಬಂದು ನೀರಿನಲ್ಲಿ ಕರಗಿತು.

“ಸಾಕು, ಏಳು,” ಎಂದರು ಅತ್ತೆ.

“ಈಗ ತಾನೇ ಶುರುವಾಯ್ತಲ್ಲ!”

“ಗೊತ್ತು. ಏಳೇ.”

ಹೊರಗೆ ಬಿಸಿಲು ಹಾಲಿನಂತೆ ಬಿದ್ದಿತ್ತು. ಸೊಸೆಯ ಹೆಗಲಿಗೆ ಭಾರ ಹಾಕಿ ಅತ್ತೆ ಮೆಲ್ಲಗೆ ಬಂದರು, ಆಟೋ ಬರುವವರೆಗೆ ಇಬ್ಬರೂ ಹಜಾರದ ಬೆಂಚಿನ ಮೇಲೆ ಕೂತರು. ಅತ್ತೆ ಸುಧಾರಿಸಿಕೊಂಡು ಹೇಳಿದರು.

“ದೋಣಿಯವನು ಎಲ್ಲೂ ಹೋಗಲ್ಲ, ಇರ್ಲಿ. ನಿನ್ನದೊಂದು ಹೇಳ್ತೀನಿ. ಮೇಲಿಂದ ಬೀದಿ ಕಾಣುತ್ತೆ. ಬೀದಿ ತುದೀಲಿ ಒಂದು ಆಟೋ. ನನ್ನ ಮಗ ಇಳೀತಾನೆ. ಹಿಂದೆ ಒಂದು ಹುಡುಗಿ, ಚಪ್ಪಲಿ ಕಿತ್ತು ಹೋಗಿದೆ, ಕೈಲಿ ಹಿಡ್ಕೊಂಡಿದ್ದಾಳೆ. ಬರಿಗಾಲಲ್ಲಿ ರಾಣಿ ಥರ ನಡ್ಕೊಂಡು ಬರ್ತಾಳೆ.”

ಸೊಸೆ ತನ್ನ ಕಾಲಿನ ಚಪ್ಪಲಿ ನೋಡಿಕೊಂಡಳು. ಕೇಳಿದಳು. “ಆಮೇಲೆ?”

“ಆಮೇಲೇನು? ಮಾರನೇ ದಿನ ಅವನು ಹೊಸ ಚಪ್ಪಲಿ ತಂದುಕೊಟ್ಟ, ನೀನು ಅರಳಿಹೋದೆ. ಅಷ್ಟು ಬುದ್ಧಿ ಆ ಗೂಬೆಗೆ ಎಲ್ಲಿತ್ತೇ? ಹೇಳಿ ಕಳಿಸಿದ್ದು ನಾನು.”

ದೋಣಿಯವನ ಕಥೆ ಆ ರಾತ್ರಿಯೇ ಶುರುವಾಯಿತು, ವಾರಗಳಾದರೂ ಮುಗಿಯಲಿಲ್ಲ. ಮಗ ಲಾರಿ ಇಳಿದು ಮನೆಗೆ ಬಂದಾಗ ಮೆಟ್ಟಿಲಿಗೇ ಜಗಳ ಕೇಳಿಸಿತು. ದೋಣಿಯವನಿಗೆ ಮದುವೆ ಆಗಿದೆ ಎಂದು ಅತ್ತೆ, ಆಗಿಲ್ಲ ಎಂದು ಸೊಸೆ. ಅವನು ಕೈಚೀಲ ಕೆಳಗಿಟ್ಟು, ಇದು ಯಾರ ಮನೆಯ ಸುದ್ದಿ ಎಂದು ಗಾಬರಿಯಿಂದ ಕೇಳಿದ. ಇಬ್ಬರೂ ಒಟ್ಟಿಗೆ ಅವನನ್ನು ಗದರಿದರು.