ಕೆಮ್ಮು ಕೇಳುತ್ತಿದ್ದ ತಂತಿ

ನಮ್ಮ ಲೈನ್‌ಮನ್ನರ ಬಲಗೈಯ ಹೆಬ್ಬೆರಳು, ತೋರುಬೆರಳು ಎರಡೂ ತುದಿಯಲ್ಲಿ ಹಸಿರಾಗಿದ್ದವು. ಹಳೆಯ ತಾಮ್ರದ ತಂತಿಯ ಕಿಲುಬು ಉಗುರಿನ ಸಂದಿಗೆ ಇಳಿದು ಅಲ್ಲೇ ಮನೆ ಮಾಡಿತ್ತು. ಕುರುಗೋಡಿನ ಮನೆಯಲ್ಲಿ ಹೆಂಡತಿ ಹುಣಸೆಹಣ್ಣು ಹಚ್ಚಿ, ಚೆಂಬು ತಿಕ್ಕಿದಂತೆ ಆ ಬೆರಳುಗಳನ್ನು ತಿಕ್ಕುತ್ತಿದ್ದರಂತೆ. "ಹಬ್ಬದ ದಿನ ಬೆಳ್ಳಗಾಗ್ತಾವು, ಮರುದಿನ ಮತ್ತ ಅದ ಕತಿ" ಎಂದು ಅವರು ನನ್ನೆದುರು ನಗುತ್ತಿದ್ದರು.

ಎಂಬತ್ತರ ದಶಕದ ಮಾತು. ನಾನು ಸಿರುಗುಪ್ಪದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಿರಿಯ ಅಧಿಕಾರಿ. ಅವರು ಬಳ್ಳಾರಿಯವರೆಗಿನ ಕಂಬದ ಸಾಲನ್ನು ನೋಡಿಕೊಳ್ಳುವ ಲೈನ್‌ಮನ್. ವಯಸ್ಸಿನಲ್ಲಿ ನನಗಿಂತ ದುಪ್ಪಟ್ಟು. ತಂತಿ ಸರಿಯಿದೆಯೇ ಎಂದು ನೋಡಲು ಉಳಿದವರೆಲ್ಲ "ಹಲೋ, ಹಲೋ" ಎಂದು ಗಂಟಲು ಹರಿದುಕೊಂಡರೆ, ಇವರು ಕಂಬ ಹತ್ತಿ, ಪರೀಕ್ಷೆಯ ಕೈಫೋನನ್ನು ತಂತಿಗೆ ಸಿಕ್ಕಿಸಿ, "ಒಂದ್ಸಲ ಕೆಮ್ಮರಿ ಸಾಹೇಬ್ರ" ಎಂದು ಎಕ್ಸ್‌ಚೇಂಜಿನಲ್ಲಿದ್ದ ನನಗೆ ಹೇಳುತ್ತಿದ್ದರು.

"ಮಾತಾದ್ರ ಅರ್ಧ ಕೇಳಿ ಅರ್ಧ ನಾವ ತುಂಬ್ಕೊಂಡು ಬಿಡ್ತೀವ್ರಿ. ಕೆಮ್ಮು ಹಂಗಲ್ಲ. ಬಂದ್ರ ಬಂತು, ಇಲ್ಲಂದ್ರ ಇಲ್ಲ."

ನೆಲದೊಳಗೆ ಹೊಸ ಕೇಬಲ್ ಬಂದಾಗ ಬಳ್ಳಾರಿಯ ದೊಡ್ಡ ಸಾಹೇಬರು ಕಾಗದ ಕಳಿಸಿದರು: ಹಳೆಯ ತಂತಿಯಿಂದ ಮುಂದೆ ಉಪಯೋಗವಿದೆಯೋ, ಕೀಳಿಸಬಹುದೋ, ಪರೀಕ್ಷಿಸಿ ತಿಳಿಸಿ. ನಮ್ಮ ಲೈನ್‌ಮನ್ ಹತ್ತಿರ ಉತ್ತರ ಸಿದ್ಧವಿತ್ತು.

"ಈ ತಂತಿ ಹಚ್ಚೊಳ್ಳಿಗೆ, ದೇಶನೂರಿಗೆ ಎಳೀರಿ. ಅಲ್ಲಿ ಹೆರಿಗಿ ಬ್ಯಾನಿ ಬಂದ್ರ ಡಾಕ್ಟರ್‌ನ ಕರಿಯಾಕ ಟ್ರ್ಯಾಕ್ಟರ್ ಓಡಿಸ್ತಾರ. ತಾಮ್ರಕ್ಕ ವಯಸ್ಸಾಗಂಗಿಲ್ರಿ, ವಯಸ್ಸಾಗೋದು ಜೋಡಣಿಗೆ. ಅದನ್ನ ನಾ ನೋಡ್ಕೊಂತೀನಿ."

ಮೂರು ದಿನ ಅವರು ಬಿಸಿಲಲ್ಲಿ ಸೈಕಲ್ ತುಳಿದು ಕಂಬ ಹತ್ತಿ ಇಳಿದರು. ನಾನು ಫ್ಯಾನಿನ ಕೆಳಗೆ ಕೂತು ಕೆಮ್ಮಿದೆ, ಅವರು ಹೇಳಿದ್ದನ್ನು ಪೆನ್ಸಿಲ್ಲಿನಲ್ಲಿ ಗುರುತು ಹಾಕಿಕೊಂಡೆ. ಎರಡು ಕಡೆ ಬಿಟ್ಟರೆ ತಂತಿ ಪೂರ್ತಿ ಚೆನ್ನಾಗಿತ್ತು.

"ಬರೀತೀರಲ್ಲಾ ಸಾಹೇಬ್ರ?"

"ಬರೀತೀನ್ರಿ" ಎಂದೆ.

ಬರೆದದ್ದು ಬೇರೆ. "ತಂತಿ ಸವೆದಿದೆ, ಮುಂದೆ ಉಪಯೋಗವಿಲ್ಲ." ದೊಡ್ಡ ಸಾಹೇಬರಿಗೆ ಅದೇ ಬೇಕೆಂದು ನನಗೆ ಗೊತ್ತಿತ್ತು, ಬಳ್ಳಾರಿಗೆ ನನ್ನ ವರ್ಗಾವಣೆ ಅವರ ಕೈಯಲ್ಲಿತ್ತು. ಯಾರೂ ನನ್ನ ಕುತ್ತಿಗೆ ಹಿಡಿದು ಬರೆಸಲಿಲ್ಲ. ಒಂದೇ ತಿಂಗಳಲ್ಲಿ ವರ್ಗವಾಯಿತು.

ತಂತಿ ಬಿಚ್ಚುವ ಕೆಲಸ ಅವರಿಗೇ ಬಂತು. ನಾನು ಹೊರಡುವ ದಿನ ಮೈತುಂಬ ಧೂಳಿನಲ್ಲೇ ಬಂದು ನಿಂತರು. "ನೀವು ಬರದ್ರಿ, ಮ್ಯಾಲಿನವ್ರು ಕೇಳಲಿಲ್ಲ. ಮನಸ್ಸಿಗೆ ಹಚ್ಕೋಬ್ಯಾಡ್ರಿ" ಎಂದು ನನಗೇ ಸಮಾಧಾನ ಹೇಳಿದರು. ನಾನು ಹೌದೆಂಬಂತೆ ತಲೆಯಾಡಿಸಿದೆ. ಆ ಕಾಗದಕ್ಕಿಂತ ಹೀಗೆ ತಲೆಯಾಡಿಸಿದ್ದೇ ನನ್ನನ್ನು ಇಂದಿಗೂ ಹೆಚ್ಚು ಸುಡುತ್ತದೆ.

ಕೆಲವು ವರ್ಷಗಳ ನಂತರ ಅವರು ತೀರಿಹೋದ ಸುದ್ದಿ ಬಂತು. ಕುರುಗೋಡಿಗೆ ಹೋದೆ. ವಿಭೂತಿ ಹಚ್ಚಿ ಗೋಡೆಗೆ ಒರಗಿಸಿ ಕೂರಿಸಿದ್ದರು. ನಿವೃತ್ತಿಯ ನಂತರ ಆ ಬೆರಳುಗಳ ಹಸಿರು ಹೋಗಿತ್ತು. ಅವರ ಹೆಂಡತಿ ನನ್ನನ್ನು ಗುರುತಿಸಿ, ಕೂಡಿದ್ದ ಜನಕ್ಕೆ ಹೇಳಿದರು: "ಹಳ್ಳಿಗೆ ಫೋನ್ ಕೊಡ್ರಿ ಅಂತ ಬರದ ಸಾಹೇಬ್ರು ಇವರ. ಕಡೀತನಕ ನೆನಸ್ತಿದ್ರು."

ಈಗಲಾದರೂ ನಿಜ ಹೇಳಬೇಕೆಂದು ಬಾಯಿ ತೆರೆದೆ. ಬಂದದ್ದು ಒಂದು ಕೆಮ್ಮು. ದಾರಿಯ ಧೂಳಿರಬೇಕೆಂದು ಆಕೆ ಚೆಂಬಿನಲ್ಲಿ ನೀರು ತಂದುಕೊಟ್ಟರು. ಕುಡಿದೆ.

ಗೋಡೆಗೆ ಒರಗಿದ್ದ ಅವರು ಆ ಕೆಮ್ಮನ್ನು ಕೇಳಿಸಿಕೊಂಡಿದ್ದರೆ, ಕೆಟ್ಟದ್ದು ಎಲ್ಲಿ ಎಂದು ತಕ್ಷಣ ಹೇಳಿಬಿಡುತ್ತಿದ್ದರು.